ಸಿಹಿ-ಹುಳಿ ಗ್ಲೇಜ್ ಚಿಕನ್: ಸಾಸ್ ಸವರುವುದು ಯಾವಾಗ, ಯಾಕೆ

ಓವನ್ ಅಡುಗೆ ಕಲಿಯುವವರು ಇಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಗ್ಲೇಜ್, ಅಂದರೆ ಮಾಂಸದ ಮೇಲೆ ಹೊಳೆಯುವ ಪದರವಾಗಿ ಕೂರುವ ಸಾಸ್, ಮೊದಲೇ ಸವರಬೇಕಾ, ಕೊನೆಗಾ? ಕೊನೆಗೆ. ಕಾರಣ ತಿಳಿದಿದ್ದರೆ ಅಳತೆ ಸ್ವಲ್ಪ ಆಚೀಚೆಯಾದರೂ ಅಡುಗೆ ಕೆಡುವುದಿಲ್ಲ.

ಮೂಳೆಯಿರುವ ತೊಡೆ ಪೀಸ್ 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೇಯಲು ಸುಮಾರು 40 ನಿಮಿಷ ಬೇಕು. ಜೇನುತುಪ್ಪ ಅಷ್ಟು ಹೊತ್ತು ತಡೆಯುವುದಿಲ್ಲ. ಅದರಲ್ಲಿ ಫ್ರಕ್ಟೋಸ್ ಎಂಬ ಬಗೆಯ ಸಕ್ಕರೆ ಜಾಸ್ತಿ. ಫ್ರಕ್ಟೋಸ್ 110 ಡಿಗ್ರಿ ಆಸುಪಾಸಿನಲ್ಲೇ ಕಂದು ಬಣ್ಣಕ್ಕೆ ತಿರುಗುತ್ತದೆ, ಮಾಮೂಲಿ ಸಕ್ಕರೆಗೆ 160ರ ಹತ್ತಿರ ಬೇಕು. ಶುರುವಿನಲ್ಲೇ ಸವರಿದರೆ ಹೊರಗೆ ಕರಕಲು, ಮೂಳೆ ಪಕ್ಕ ಹಸಿ. ಜೊತೆಗೆ, ಕಾದ ಮಾಂಸ ನೀರು ಬಿಡುತ್ತದೆ. ಆ ನೀರಿನ ಜೊತೆ ಗ್ಲೇಜ್ ಟ್ರೇಗೆ ಇಳಿದು ಅಲ್ಲೇ ಸೀಯುತ್ತದೆ.

ಆದ್ದರಿಂದ ಮೊದಲ 25 ನಿಮಿಷ ಬರೀ ಚಿಕನ್. ಪೇಪರ್ ಟವೆಲ್‌ನಿಂದ ತೇವ ಒತ್ತಿ ತೆಗೆದು, ಉಪ್ಪು, ಚೂರು ಎಣ್ಣೆ ಸವರಿ, ಚರ್ಮ ಮೇಲಕ್ಕೆ ಬರುವಂತೆ ಇಡಿ. ಹಸಿ ಚಿಕನ್ ನಲ್ಲಿಯಲ್ಲಿ ತೊಳೆಯಬೇಡಿ, ಹನಿ ಸಿಡಿದು ಬ್ಯಾಕ್ಟೀರಿಯಾ ಸಿಂಕ್‌ಗೆಲ್ಲ ಹರಡುತ್ತದೆ.

ಅಷ್ಟರಲ್ಲಿ ಗ್ಲೇಜ್. ಆರು ಪೀಸ್‌ಗೆ ನಾಲ್ಕು ಟೇಬಲ್ ಚಮಚ ಜೇನುತುಪ್ಪ, ಎರಡು ಚಮಚ ವಿನೆಗರ್, ಎರಡು ಚಮಚ ಸೋಯಾ ಸಾಸ್, ಜಜ್ಜಿದ ಬೆಳ್ಳುಳ್ಳಿ. ಸಣ್ಣ ಉರಿಯಲ್ಲಿ ಕುದಿಸಿ, ಗುಳ್ಳೆಗಳ ಮೇಲೆ ಕಣ್ಣಿಡಿ. ಮೊದಲು ನೊರೆಯಂಥ ಸಣ್ಣ ಗುಳ್ಳೆ ಬೇಗ ಬೇಗ ಒಡೆಯುತ್ತವೆ. ನೀರು ಕಡಿಮೆಯಾದಂತೆ ಗುಳ್ಳೆ ದೊಡ್ಡದಾಗಿ, ಹೊಳೆಯುತ್ತಾ ನಿಧಾನಕ್ಕೆ ಏಳುತ್ತವೆ. ಆಗ ಚಮಚದ ಬೆನ್ನಿಗೆ ಅಂಟಿದ್ದನ್ನು ತಣ್ಣಗಾದ ಮೇಲೆ ಬೆರಳಿಂದ ಗೀರಿ ನೋಡಿ. ಗೀರು ಮುಚ್ಚಿಕೊಳ್ಳದಿದ್ದರೆ ಇಳಿಸಿಬಿಡಿ. ಎಳೆ ಪಾಕದವರೆಗೆ ಹೋಗಬೇಡಿ, ಆರಿದ ಮೇಲೆ ಇನ್ನೂ ಗಟ್ಟಿಯಾಗುತ್ತದೆ.

ಹುಳಿ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಹುಳಿ ಇಲ್ಲದಿದ್ದರೆ ಎರಡನೇ ತುತ್ತಿಗೇ ಸಿಹಿ ಮುಖಕ್ಕೆ ಹೊಡೆಯುತ್ತದೆ. ಆದರೆ ವಿನೆಗರ್‌ನ ಘಾಟು ಕುದಿಯುವಾಗ ಆವಿಯ ಜೊತೆ ಹೋಗುತ್ತದೆ, ಹಾಗಾಗಿ ಅರ್ಧ ಚಮಚ ಉಳಿಸಿಕೊಂಡು ಇಳಿಸಿದ ಮೇಲೆ ಬೆರೆಸಿ. ಹಾಗಂತ ಸುಮ್ನೆ ಸುರಿಯುವುದೂ ಬೇಡ. ಪ್ರೋಟೀನ್ ಮತ್ತು ಸಕ್ಕರೆ ಸೇರಿ ಕಂದಾಗುವ ಮೇಯಾರ್ ಕ್ರಿಯೆಯನ್ನು ಹುಳಿ ನಿಧಾನಿಸುತ್ತದೆ. ಹುಳಿ ಹೆಚ್ಚಾದ ಗ್ಲೇಜ್ ಪೇಲವವಾಗಿ ಉಳಿಯುವುದು ಇದಕ್ಕೇ.

ಇನ್ನು ಸವರುವುದು. ಬಡಿಸುವಾಗ ಬೇಕಾದ ಗ್ಲೇಜನ್ನು ಮೊದಲೇ ಬೇರೆ ಬಟ್ಟಲಿಗೆ ತೆಗೆದಿಡಿ, ಅರೆಬೆಂದ ಚಿಕನ್ ಮುಟ್ಟಿದ ಬ್ರಷ್ ಅದಕ್ಕೆ ತಾಕಬಾರದು ಅಲ್ವಾ. 25 ನಿಮಿಷಕ್ಕೆ ಮೊದಲ ತೆಳು ಪದರ, ಐದು ನಿಮಿಷಕ್ಕೆ ಎರಡನೆಯದು, ಮತ್ತೆ ಐದಕ್ಕೆ ಮೂರನೆಯದು. ಒಂದು ಪದರ ಒಣಗಿ ಅಂಟಾದರೆ ಮುಂದಿನದು ಅದನ್ನು ಹಿಡಿದುಕೊಳ್ಳುತ್ತದೆ. ಒಂದೇ ಸಲ ದಪ್ಪಗೆ ಬಳಿದರೆ ಜಾರಿಹೋಗುತ್ತದೆ. ಅಂಚು ಕಪ್ಪಾಗತೊಡಗಿದರೆ ಮೇಲೆ ಫಾಯಿಲ್ ಮುಚ್ಚಿ.

ಬಣ್ಣ ನೋಡಿ ಬೆಂದಿದೆ ಅನ್ನಬೇಡಿ, ಅದು ಗ್ಲೇಜ್‌ನ ಬಣ್ಣ. ಮೂಳೆಗೆ ತಾಗದಂತೆ ದಪ್ಪ ಭಾಗಕ್ಕೆ ಥರ್ಮಾಮೀಟರ್ ಚುಚ್ಚಿ. 74 ಡಿಗ್ರಿ ಬಂದರೆ ತಿನ್ನಲು ಸುರಕ್ಷಿತ. ಎದೆ ಭಾಗವಾದರೆ ಅಲ್ಲಿಗೇ ತೆಗೆಯಿರಿ, ಮುಂದೆ ಹೋದರೆ ಒಣಗುತ್ತದೆ. ತೊಡೆಯನ್ನು 80 ದಾಟಿಸಿ. ಅದರಲ್ಲಿರುವ ಕೊಲಾಜನ್ ಎಂಬ ಗಟ್ಟಿ ನಾರಿನ ಪ್ರೋಟೀನ್ ಕರಗಿ ಮೆದುವಾದ ಜೆಲಾಟಿನ್ ಆಗಿ ಮಾಂಸ ಮೆತ್ತಗಾಗುತ್ತದೆ. ಹೊರತೆಗೆದು ಐದು ನಿಮಿಷ ಬಿಟ್ಟರೆ ಗ್ಲೇಜ್ ಚರ್ಮಕ್ಕೆ ಕಚ್ಚಿಕೊಳ್ಳುತ್ತದೆ. ತೆಗೆದಿಟ್ಟಿದ್ದನ್ನು ಮೇಲೆ ಹಾಕುವುದು ಆಮೇಲೆ.