ಕಪ್ಪುಕುಳಿಯ ಸುತ್ತಲಿನ ಅನಿಲ: ನೆರಳು ನೋಡಿ ಅಳೆಯುವ ಕೆಲಸ

ಗೆಲಾಕ್ಸಿಯ ನಟ್ಟನಡುವೆ ಇರುವ ಅನಿಲ ನನ್ನ ಅಧ್ಯಯನದ ವಿಷಯ ಎಂದರೆ ಜನ ಮೊದಲು ಕೇಳುವುದು "ಫೋಟೊ ಇದೆಯಾ?" ಅಂತ. ಇಲ್ಲ. ನಮ್ಮ ಕೈಗೆ ಸಿಗುವುದು ಒಂದು ಅಂಕುಡೊಂಕು ಗೆರೆ. ಯಾವ ಶಕ್ತಿಯ ಎಕ್ಸ್‌ರೇ ಫೋಟಾನುಗಳು, ಅಂದರೆ ಬೆಳಕಿನ ಕಣಗಳು, ಎಷ್ಟು ಬಂದವು ಎನ್ನುವ ಲೆಕ್ಕ ಅದು. ರೋಹಿತ ಅನ್ನುವುದು ಇದಕ್ಕೇ.

ಕೆಲವು ಗೆಲಾಕ್ಸಿಗಳ ಮಧ್ಯದ ಕಪ್ಪುಕುಳಿ ಸುಮ್ನೆ ಕೂತಿರುವುದಿಲ್ಲ, ಸುತ್ತಲಿನ ಅನಿಲವನ್ನು ನುಂಗುತ್ತಲೇ ಇರುತ್ತದೆ. ಅದರ ತೀರಾ ಹತ್ತಿರ, ಸುಮಾರು ನೂರು ಕೋಟಿ ಡಿಗ್ರಿ ಬಿಸಿಯ ಒಂದು ಪುಟ್ಟ ಜಾಗದಿಂದ ಎಕ್ಸ್‌ರೇ ಹೊರಡುತ್ತದೆ. ಅದು ನಮ್ಮ ದೀಪ. ದೀಪಕ್ಕೂ ನಮಗೂ ನಡುವೆ ಅನಿಲ ಬಂದರೆ ಕಡಿಮೆ ಶಕ್ತಿಯ ಎಕ್ಸ್‌ರೇ ಮೊದಲು ಮಾಯವಾಗುತ್ತದೆ, ಜಾಸ್ತಿ ಶಕ್ತಿಯದು ತೂರಿಕೊಂಡು ಬರುತ್ತದೆ. ಎಲ್ಲಿಂದ ಮಾಯವಾಯಿತು ಎಂದು ನೋಡಿದರೆ ಅನಿಲ ಎಷ್ಟಿದೆ ಎಂದು ಗೊತ್ತಾಗುತ್ತದೆ.

ಎಷ್ಟಿದ್ದರೆ 'ದಟ್ಟ'? ದಾರಿಯುದ್ದಕ್ಕೂ ಒಂದು ಚದರ ಸೆಂಟಿಮೀಟರಿಗೆ ಸುಮಾರು 1.5 × 10²⁴ ಪರಮಾಣು ಸಿಕ್ಕರೆ 10 ಕಿಲೋ ಎಲೆಕ್ಟ್ರಾನ್ ವೋಲ್ಟ್‌ವರೆಗಿನ (ಫೋಟಾನಿನ ಶಕ್ತಿ ಅಳೆಯುವ ಮಾನ ಇದು) ನೇರ ಬೆಳಕು ಹೆಚ್ಚುಕಡಿಮೆ ಮುಚ್ಚಿಹೋಗುತ್ತದೆ. ಅಷ್ಟು ಹೈಡ್ರೋಜನ್ ತೂಗಿದರೆ ಎರಡೂವರೆ ಗ್ರಾಂ ಅಷ್ಟೇ! ನಮ್ಮ ತಲೆ ಮೇಲಿನ ಗಾಳಿ ಅಷ್ಟೇ ಜಾಗಕ್ಕೆ ಸುಮಾರು ಒಂದು ಕಿಲೋ ಇದೆ, ಅದಕ್ಕೇ ನಮ್ಮ ದೂರದರ್ಶಕಗಳೆಲ್ಲ ಗಾಳಿ ದಾಟಿ ಮೇಲೆ ಹೋಗಬೇಕು.

ಇಷ್ಟೇ ಆಗಿದ್ದರೆ ಕೆಲಸ ಸುಲಭವಿತ್ತು. ತೊಂದರೆ ಏನೆಂದರೆ, ಒಂದೇ ಗೆರೆಗೆ ಎರಡು ಕತೆ ಹೊಂದುತ್ತವೆ. ಎಂಸಿಜಿ-6-30-15 ಎಂಬ ಗೆಲಾಕ್ಸಿಯಲ್ಲಿ ಕಬ್ಬಿಣದ 6.4 ಕಿಲೋ ಎಲೆಕ್ಟ್ರಾನ್ ವೋಲ್ಟ್ ರೇಖೆ (ಕಬ್ಬಿಣ ಹೊಮ್ಮಿಸುವ ಬೆಳಕಿನಿಂದ ರೋಹಿತದಲ್ಲಿ ಏಳುವ ಮೊನೆ) ಒಂದು ಕಡೆಗೆ ಜಗ್ಗಿದಂತೆ ಅಗಲವಾಗಿದೆ ಎಂದು 1995ರಲ್ಲಿ ಜಪಾನಿನ ಆಸ್ಕಾ ಉಪಗ್ರಹದ ಮಾಹಿತಿಯಿಂದ ತಿಳಿಯಿತು. ಕಪ್ಪುಕುಳಿಯ ಗುರುತ್ವವೇ ಅದನ್ನು ಎಳೆದಿದೆ ಎಂದರು ಒಂದು ಗುಂಪಿನವರು. ಇಲ್ಲ, ಪದರ ಪದರವಾದ ಅನಿಲ ದೀಪವನ್ನು ಅರ್ಧಂಬರ್ಧ ಮುಚ್ಚಿದರೂ ಹಾಗೇ ಕಾಣುತ್ತದೆ ಎಂದರು ಇನ್ನೊಂದು ಗುಂಪಿನವರು. ಗಣಿತದಲ್ಲಿ ಎರಡೂ ಪಾಸಾಗಬಹುದು. ಮಾದರಿ ಚೆನ್ನಾಗಿ ಕೂತಿತು ಎಂದು ಖುಷಿಪಟ್ಟು, ಇನ್ನೊಂದು ಮಾದರಿಯೂ ಅಷ್ಟೇ ಚೆನ್ನಾಗಿ ಕೂರುವುದನ್ನು ನೋಡಿ ಪೆಚ್ಚಾಗದವರು ನಮ್ಮಲ್ಲಿ ಕಡಿಮೆ. ನಾನಂತೂ ಅವರಲ್ಲಿ ಒಬ್ಬನಲ್ಲ.

ಆದ್ದರಿಂದ ನಾನು ಒಂದೇ ರೋಹಿತವನ್ನು ನಂಬುವುದಿಲ್ಲ, ಮತ್ತೆ ನೋಡಬೇಕು. ಎನ್‌ಜಿಸಿ 1365 ಎಂಬ ಗೆಲಾಕ್ಸಿ ಇದಕ್ಕೆ ಒಳ್ಳೆ ಉದಾಹರಣೆ. 2006ರ ಏಪ್ರಿಲ್‌ನಲ್ಲಿ ನಾಸಾದ 'ಚಂದ್ರ' ಎಂಬ ಎಕ್ಸ್‌ರೇ ದೂರದರ್ಶಕ ಅದನ್ನು ಎರಡೆರಡು ದಿನಕ್ಕೊಮ್ಮೆ ನೋಡಿತು. ಒಂದು ಸಲ ದೀಪ ಕಂಡಿತು, ಮುಂದಿನ ಸಲ ಪೂರ್ತಿ ಮುಚ್ಚಿತ್ತು, ಅದರ ಮುಂದಿನ ಸಲ ಮತ್ತೆ ಕಂಡಿತು. ಗ್ರಹಣ ಹಿಡಿದು ಬಿಟ್ಟ ಹಾಗೆ! ಎರಡು ದಿನದೊಳಗೆ ಮುಚ್ಚಿತು ಎಂದರೆ ಮೋಡವೂ ಕಪ್ಪುಕುಳಿಯ ಹತ್ತಿರದಲ್ಲೇ ಇರಬೇಕು, ದೀಪವೂ ಬಹಳ ಚಿಕ್ಕದಿರಬೇಕು, ಅಲ್ವಾ? ಯಾವ ದೂರದರ್ಶಕವೂ ಬಿಡಿಸಿ ತೋರಿಸಲಾಗದ ಅಳತೆಯನ್ನು ಒಂದು ಮೋಡ ಕೊಟ್ಟುಬಿಟ್ಟಿತು. ವಾರಕ್ಕೊಮ್ಮೆ ನೋಡಿದ್ದರೆ ಇದು ತಪ್ಪಿಹೋಗಬಹುದಿತ್ತು.

ಕತೆಗಳನ್ನು ಬಿಡಿಸುವ ಇನ್ನೊಂದು ದಾರಿ ರೋಹಿತವನ್ನೇ ಇನ್ನಷ್ಟು ಸೂಕ್ಷ್ಮವಾಗಿ ನೋಡುವುದು. 2023ರ ಸೆಪ್ಟೆಂಬರಿನಲ್ಲಿ ಹಾರಿದ ಕ್ರಿಸಮ್ ಉಪಗ್ರಹದ ಉಪಕರಣ ಒಂದೊಂದು ಫೋಟಾನ್ ಬಿದ್ದಾಗಲೂ ಆಗುವ ಬಿಸಿಯನ್ನು ಅಳೆಯುತ್ತದೆ. ಅದಕ್ಕಾಗಿ ಅದನ್ನು ಪರಮಶೂನ್ಯಕ್ಕಿಂತ ಡಿಗ್ರಿಯ ಇಪ್ಪತ್ತನೇ ಒಂದು ಭಾಗದಷ್ಟು ಮಾತ್ರ ಮೇಲಿಟ್ಟಿದ್ದಾರೆ. ಹಳೆಯ ಸಿಸಿಡಿ ಕ್ಯಾಮೆರಾಗಳಿಗೆ ರೋಹಿತದಲ್ಲಿ ಒಂದೇ ತಗ್ಗಾಗಿ ಕಂಡದ್ದು ಇದಕ್ಕೆ ಬಿಡಿಬಿಡಿಯಾಗಿ ಕಾಣುತ್ತದೆ. ಪಿಡಿಎಸ್ 456 ಎಂಬ ಕ್ವೇಸಾರ್‌ನಿಂದ (ಅನಿಲ ನುಂಗುತ್ತಾ ಬಹಳ ಪ್ರಕಾಶಮಾನವಾಗಿ ಉರಿಯುವ ಗೆಲಾಕ್ಸಿ ನಡುವಣ ಕಪ್ಪುಕುಳಿ) ಬೆಳಕಿನ ವೇಗದ 20ರಿಂದ 30 ಶೇಕಡಾದಲ್ಲಿ ಹೊರನುಗ್ಗುವ ಗಾಳಿ ಒಂದೇ ಹೊಳೆಯಂತೆ ಹರಿಯುತ್ತಿಲ್ಲ, ಐದು ಬೇರೆ ಬೇರೆ ವೇಗದ ತುಂಡುಗಳಾಗಿ ಬರುತ್ತಿದೆ.

ಆದರೆ ಆ ಉಪಕರಣದ ಮುಂದಿನ ಮುಚ್ಚಳ ತೆರೆದುಕೊಂಡಿಲ್ಲ. ಸುಮಾರು 1.7 ಕಿಲೋ ಎಲೆಕ್ಟ್ರಾನ್ ವೋಲ್ಟ್‌ಗಿಂತ ಕೆಳಗಿನದು ಹೆಚ್ಚುಕಡಿಮೆ ಒಳಗೆ ಬರುವುದೇ ಇಲ್ಲ. ನಿಧಾನವಾಗಿ ಹರಿಯುವ ಅನಿಲದ ಆಮ್ಲಜನಕ, ನಿಯಾನ್ ರೇಖೆಗಳೆಲ್ಲ ಇರುವುದು ಅಲ್ಲೇ. ಅವು ಬೇಕೆಂದರೆ 1999ರಲ್ಲಿ ಹಾರಿದ ಚಂದ್ರ ಮತ್ತು ಎಕ್ಸ್‌ಎಂಎಂ-ನ್ಯೂಟನ್ ದೂರದರ್ಶಕಗಳ ಹತ್ತಿರವೇ ಹೋಗಬೇಕು. ಚಂದ್ರದ ಕ್ಯಾಮೆರಾ ಮುಂದಿನ ಶೋಧಕದ (ಬೆಳಕು ಸೋಸುವ ಫಿಲ್ಟರ್) ಮೇಲೋ, ಇಷ್ಟು ವರ್ಷಗಳಲ್ಲಿ ಒಂದು ತೆಳು ಕೊಳೆ ಪದರ ಕೂತಿದೆ. ಅದೂ ಕಡಿಮೆ ಶಕ್ತಿಯ ಎಕ್ಸ್‌ರೇಯನ್ನೇ ನುಂಗುತ್ತದೆ, ಹಾಗಾಗಿ ಎಷ್ಟೋ ಕೋಟಿ ಜ್ಯೋತಿರ್ವರ್ಷ ದೂರದ ಅನಿಲದ ನೆರಳು ಅಳೆಯುವ ಮೊದಲು ನಮ್ಮದೇ ಕೊಳೆಯ ನೆರಳನ್ನು ಲೆಕ್ಕ ಹಾಕಿ ಬದಿಗಿಡಬೇಕು.