ಯಾವ ನಲ್ಲಿ, ಯಾವ ತಿಂಗಳು?

ಕಾಸರಗೋಡು ಪೇಟೆಯವರಿಗೆ ಉಪ್ಪುನೀರಿನ ನೆನಪು ಇನ್ನೂ ಮಾಸಿಲ್ಲ. ಏಪ್ರಿಲ್, ಮೇ ಬಂತೆಂದರೆ ಚಂದ್ರಗಿರಿ ಹೊಳೆ ಸೊರಗುತ್ತಿತ್ತು. ಉಬ್ಬರದ ನೀರು, ಪೇಟೆಗೆ ನೀರೆತ್ತುವ ಬಾವಿಕೆರೆಯ ಪಂಪ್‌ಹೌಸ್‌ವರೆಗೂ ಏರುತ್ತಿತ್ತು. ಮರಳುಚೀಲದ ಕಟ್ಟ ಹಾಕಿದ್ದೂ ಉಂಟು. ಈಗ ಅಲ್ಲಿ ಉಪ್ಪುನೀರು ತಡೆಯುವ ರೆಗ್ಯುಲೇಟರ್ (ಬಾಗಿಲಿರುವ ಅಣೆಕಟ್ಟು) ಬಂದಿದೆ. ಆ ಕಾಲದಲ್ಲಿ ಪೇಟೆಯ ಅದೇ ನಲ್ಲಿಗಳ ನೀರನ್ನು ಆಗಸ್ಟಿನಲ್ಲಿ ಪರೀಕ್ಷೆಗೆ ಕಳಿಸಿದ್ದರೆ? ಉಪ್ಪಿನ ಸುಳಿವೂ ಸಿಗುತ್ತಿರಲಿಲ್ಲ.

ಉಪ್ಪಾದರೆ ನಾಲಿಗೆಗೆ ಗೊತ್ತಾಗುತ್ತದೆ, ರೋಗಾಣು ಗೊತ್ತಾಗುವುದಿಲ್ಲ. ಅದಕ್ಕೇ ಲೆಕ್ಕ ಬೇಕಾಯಿತು. 1914ರಲ್ಲಿ ಅಮೆರಿಕ, ರಾಜ್ಯ ದಾಟುವ ರೈಲು, ಹಡಗುಗಳ ಕುಡಿಯುವ ನೀರಿಗೆ ನಿಯಮ ಮಾಡಿತು. ಒಂದು ಬಾಟಲಿಯಿಂದ ತೆಗೆದ 10 ಮಿಲಿಯ ಐದು ಪಾಲುಗಳಲ್ಲಿ ಒಂದಕ್ಕಿಂತ ಜಾಸ್ತಿ ಪಾಲಿನಲ್ಲಿ ಕೋಲಿಫಾರ್ಮ್ ಬ್ಯಾಕ್ಟೀರಿಯಾ (ನೀರಿಗೆ ಮಲ ಸೇರಿರಬಹುದೆಂಬ ಸೂಚನೆ) ಕಾಣಬಾರದು ಅಂತ. ಇಂಥ ‘ಇದೆ, ಇಲ್ಲ’ ಉತ್ತರಗಳಿಂದಲೇ ಬ್ಯಾಕ್ಟೀರಿಯಾ ಎಷ್ಟಿರಬಹುದೆಂದು ಅಂದಾಜು ಮಾಡುವ ಗಣಿತವನ್ನು ಮರುವರ್ಷ ಮೆಕ್‌ಕ್ರೇಡಿ ಎಂಬವರು ಕೊಟ್ಟರು. ಆದರೆ ಅದು ಒಂದು ಬಾಟಲಿಯ ಲೆಕ್ಕ. ಊರೆಲ್ಲ ಹರಡಿದ ಪೈಪಿಗೆ ಎಷ್ಟು ಬಾಟಲಿ ಬೇಕು?

ಇದಕ್ಕೆ ಜನಸಂಖ್ಯೆ ನೋಡಿ ಉತ್ತರ ಕೊಟ್ಟರು. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಲ್ಲಿ 5,000ಕ್ಕಿಂತ ಕಡಿಮೆ ಜನರ ಪೈಪ್ ಯೋಜನೆಗೆ ವರ್ಷಕ್ಕೆ 12 ಸ್ಯಾಂಪಲ್. ಅಲ್ಲಿಂದ 1 ಲಕ್ಷದವರೆಗೆ ಪ್ರತಿ 5,000 ಮಂದಿಗೆ 12.

ಇಲ್ಲೇ ಸ್ವಲ್ಪ ನಿಂತು ಲೆಕ್ಕ ಹಾಕೋಣ. ಒಂದು ಸಣ್ಣ ಯೋಜನೆಯಲ್ಲಿ ನೂರಕ್ಕೆ ಐದು ಸಲ ನೀರು ಕೆಟ್ಟಿರುತ್ತದೆ ಅಂದುಕೊಳ್ಳಿ. ಆಗಲೂ 12 ಬಾಟಲಿಗಳೂ ‘ಶುದ್ಧ’ ಅಂತ ಬರುವ ಸಾಧ್ಯತೆ 54%! ಕೆಡುವುದು ನೂರಕ್ಕೆ ಐದಕ್ಕಿಂತ ಕಡಿಮೆ ಅಂತ 95% ಭರವಸೆಯಿಂದ ಹೇಳಬೇಕಾದರೆ 59 ಬಾಟಲಿ ಶುದ್ಧವಾಗಿ ಬರಬೇಕು. ಊರು ಸಣ್ಣದಾದರೂ ಈ 59 ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಜನ ಕಡಿಮೆ ಅಂತ ಬಾಟಲಿ ಕಡಿಮೆ ಮಾಡಿದರೆ ಸಣ್ಣ ಊರಿನವರಿಗೆ ಅನ್ಯಾಯ, ಅಲ್ವಾ?

ಆ 59 ಕೂಡ ನಲ್ಲಿ, ದಿನ ಎರಡನ್ನೂ ಚೀಟಿ ಎತ್ತಿದಂತೆ ಆರಿಸಿದರೆ ಮಾತ್ರ ಸರಿ. ಟ್ಯಾಂಕಿನ ಹತ್ತಿರದ ನಲ್ಲಿಯಲ್ಲಿ ತುಂಬಿಸುವುದು ಸುಲಭ. ಅಲ್ಲಿ ಕ್ಲೋರಿನ್ ಇನ್ನೂ ಗಟ್ಟಿಯಾಗಿರುತ್ತದೆ. ಪೈಪಿನ ತುದಿಗೆ ಹೋಗುವಾಗ ಅದು ಕಡಿಮೆಯಾಗುತ್ತದೆ. ನೀರು ನಿಂತ ಹೊತ್ತಿನಲ್ಲಿ ಒಡಕಿನಿಂದ ಕೊಳಕು ಒಳಗೆ ಸೇರಬಹುದು. ಹಾಗಾಗಿ ಕೆಲವು ಬಾಟಲಿ ಚೀಟಿಯ ಪ್ರಕಾರ ತುಂಬಿಸಿದರೂ, ಉಳಿದವನ್ನು ತುದಿಯ ಮನೆಗಳಿಗೆ, ಜೂನಿನ ಮೊದಲ ಮಳೆಗೆ, ಮೇ ತಿಂಗಳ ಉಬ್ಬರಕ್ಕೆ ಅಂತಲೇ ಎತ್ತಿಡಬೇಕು.

ಎಣ್ಮಕಜೆ, ಪೈವಳಿಕೆ ಕಡೆಯ ಗುಡ್ಡಗಳಲ್ಲಿ ಸುರಂಗದ, ಅಂದರೆ ಗುಡ್ಡಕ್ಕೆ ಅಡ್ಡ ಕೊರೆದ ಬಿಲದ ನೀರು ಕುಡಿಯುವ ಮನೆಗಳಿವೆ. ಬಾವಿಯಂತೂ ಜಿಲ್ಲೆಯ ಉದ್ದಕ್ಕೂ ಇದೆ. ಅಲ್ಲಿ ಒಂದೊಂದು ಮನೆಗೂ ಬೇರೆ ಬೇರೆ ನೀರು. ಪಕ್ಕದ ಮನೆಯ ವರದಿ ನಮ್ಮ ಬಾವಿಗೆ ಆಗುವುದಿಲ್ಲ.