47 ಸಾವಿರ ಡಿಸ್ಕ್‌ಗಳಲ್ಲಿ ಇವತ್ತು ಕೆಡುವುದು ಯಾವುದು?

ಅಮೆರಿಕದ ಓಕ್ ರಿಡ್ಜ್ ಪ್ರಯೋಗಾಲಯದಲ್ಲಿ ಫ್ರಾಂಟಿಯರ್ ಎಂಬ ಸೂಪರ್‌ಕಂಪ್ಯೂಟರ್ ಇದೆ. ಅದು ಲೆಕ್ಕ ಮಾಡಿದ್ದನ್ನು ಬರೆದಿಡಲು ಓರಿಯನ್ ಎಂಬ ಸ್ಟೋರೇಜ್ ಇದೆ. ಅದರಲ್ಲಿ ಹಾರ್ಡ್ ಡಿಸ್ಕ್‌ಗಳೇ 47 ಸಾವಿರಕ್ಕೂ ಜಾಸ್ತಿ. ಹಿಡಿಸುವ ಡೇಟಾ 679 ಪೆಟಾಬೈಟ್, ಅಂದರೆ 6 ಲಕ್ಷದ 79 ಸಾವಿರ ಟೆರಾಬೈಟ್.

ವರ್ಷಕ್ಕೆ ನೂರರಲ್ಲಿ ಒಂದು ಡಿಸ್ಕ್ ಕೆಡುತ್ತದೆ ಅಂದುಕೊಳ್ಳಿ. ಕೇಳಲು ಕಡಿಮೆಯೇ, ಅಲ್ವಾ? ಆದರೆ 47 ಸಾವಿರಕ್ಕೆ ಅದು 470 ಆಯಿತು. ದಿನಕ್ಕೆ ಒಂದಕ್ಕಿಂತ ಜಾಸ್ತಿ. ಅದೂ ಒಳ್ಳೆಯ ಡಿಸ್ಕ್‌ಗಳ ಲೆಕ್ಕ. 2007ರಲ್ಲಿ ಬಿಯಾಂಕಾ ಶ್ರೋಡರ್ ಮತ್ತು ಗಾರ್ತ್ ಗಿಬ್ಸನ್ ಎಂಬ ಸಂಶೋಧಕರು ದೊಡ್ಡ ಕೇಂದ್ರಗಳ ದಾಖಲೆಗಳನ್ನು ಕೆದಕಿ ನೋಡಿದರು. ತಯಾರಕರ ಕಾಗದದ ಪ್ರಕಾರ ವರ್ಷಕ್ಕೆ ಶೇ. 0.88ಕ್ಕಿಂತ ಹೆಚ್ಚು ಡಿಸ್ಕ್ ಕೆಡಬಾರದಿತ್ತು. ನಿಜವಾಗಿ ಬದಲಾಯಿಸಿದ್ದು ಸಾಮಾನ್ಯವಾಗಿ ಶೇ. 2ರಿಂದ 4. ಕೆಲವು ಕಡೆ ಶೇ. 13ರವರೆಗೂ ಹೋಗಿತ್ತು.

ಹಾಗಾಗಿ ಇಂಥ ಸ್ಟೋರೇಜ್ ಕಟ್ಟುವವರು ಡಿಸ್ಕ್ ಕೆಡದಂತೆ ನೋಡಿಕೊಳ್ಳಲು ಹೊರಡುವುದಿಲ್ಲ. ಕೆಟ್ಟರೂ ಕೆಲಸ ನಿಲ್ಲಬಾರದು, ಅಷ್ಟೇ.

ಇದರ ಉಪಾಯ ಸರಳ. 7, 4, 9 ಎಂಬ ಮೂರು ಸಂಖ್ಯೆಗಳನ್ನು ಮೂರು ಡಿಸ್ಕ್‌ಗಳಲ್ಲಿ ಇಡಿ. ನಾಲ್ಕನೆಯದರಲ್ಲಿ ಅವುಗಳ ಮೊತ್ತ 20 ಇಡಿ. 4 ಇದ್ದ ಡಿಸ್ಕ್ ಹೋಯಿತೇ? 20ರಿಂದ 7 ಮತ್ತು 9 ಕಳೆಯಿರಿ, ಸಿಕ್ಕಿತು. ಈ ಹೆಚ್ಚುವರಿ ಲೆಕ್ಕಕ್ಕೆ ಪ್ಯಾರಿಟಿ ಎನ್ನುತ್ತಾರೆ. 1988ರಲ್ಲಿ ಬರ್ಕ್ಲಿಯ ಪ್ಯಾಟರ್ಸನ್, ಗಿಬ್ಸನ್ (ಮೇಲೆ ಹೇಳಿದವರೇ) ಮತ್ತು ಕಾಟ್ಜ್ ಡಿಸ್ಕ್‌ಗಳನ್ನು ಹೀಗೆ ಜೋಡಿಸುವುದಕ್ಕೆ ರೇಡ್ ಎಂಬ ಹೆಸರು ಕೊಟ್ಟರು. ಈಗ ಸಾಮಾನ್ಯವಾಗಿ ಎಂಟು ಡಿಸ್ಕ್ ಡೇಟಾಗೆ ಎರಡು ಪ್ಯಾರಿಟಿ ಸೇರಿಸುತ್ತಾರೆ. ಹತ್ತರಲ್ಲಿ ಯಾವ ಎರಡು ಹೋದರೂ ಡೇಟಾ ಉಳಿಯುತ್ತದೆ. ಎಲ್ಲವನ್ನೂ ಮೂರು ಪ್ರತಿ ಇಟ್ಟರೆ ಕೊಂಡ ಜಾಗದ ಮೂರನೇ ಒಂದು ಭಾಗವಷ್ಟೇ ಬಳಕೆಗೆ ಸಿಗುತ್ತದೆ. ಇಲ್ಲಿ ಶೇ. 80 ಸಿಗುತ್ತದೆ.

ಆದರೆ ಒಂದು ತೊಡಕಿದೆ. ಸತ್ತ ಡಿಸ್ಕಿನ ಡೇಟಾವನ್ನು ಹೊಸದಕ್ಕೆ ತುಂಬಿಸಲು ಎಷ್ಟು ಹೊತ್ತು ಬೇಕು? 18 ಟೆರಾಬೈಟ್ ಡಿಸ್ಕಿಗೆ ಸೆಕೆಂಡಿಗೆ 250 ಮೆಗಾಬೈಟ್ ವೇಗದಲ್ಲಿ ಬರೆದರೆ 72,000 ಸೆಕೆಂಡ್, ಅಂದರೆ 20 ಗಂಟೆ. ಅದೂ ಡಿಸ್ಕಿಗೆ ಬೇರೆ ಯಾವ ಕೆಲಸವೂ ಇಲ್ಲದಿದ್ದರೆ. ಬಳಕೆದಾರರ ಕೆಲಸವೂ ನಡೆಯುತ್ತಿದ್ದರೆ ದಿನಗಟ್ಟಲೆ ಎಳೆಯುತ್ತದೆ. ವರ್ಷದಿಂದ ವರ್ಷಕ್ಕೆ ಇದು ಉದ್ದವಾಗುತ್ತಲೇ ಬಂದಿದೆ. ಕಾರಣ ಇಷ್ಟು: ಡಿಸ್ಕಿನೊಳಗಿನ ತಟ್ಟೆಯ ಮೇಲೆ ಡೇಟಾ ಬರೆಯುವ ಉಂಗುರಗಳ (ಟ್ರ್ಯಾಕ್) ಸಂಖ್ಯೆಯೂ ಹೆಚ್ಚಿತು, ಒಂದೊಂದು ಉಂಗುರದಲ್ಲಿ ಹಿಡಿಸುವ ಬಿಟ್‌ಗಳೂ ಹೆಚ್ಚಿದವು. ತಟ್ಟೆ ತಿರುಗುವುದು ಮಾತ್ರ ಇನ್ನೂ ನಿಮಿಷಕ್ಕೆ 7,200 ಸಲವೇ. ಉಂಗುರಗಳು ಹೆಚ್ಚಾದರೆ ಜಾಗ ಹೆಚ್ಚುತ್ತದೆ, ವೇಗ ಹೆಚ್ಚುವುದಿಲ್ಲ.

ಆ 20 ಗಂಟೆಯಲ್ಲಿ ಅದೇ ಗುಂಪಿನ ಇನ್ನೆರಡು ಹೋದರೆ ಕಥೆ ಮುಗಿಯಿತು. ಹಾಗಾಗಿ ನನ್ನನ್ನು ಕೇಳಿದರೆ, ಯೋಜನೆಯಲ್ಲಿ ಮೊದಲು ಬರೆಯಬೇಕಾದ ಅಂಕಿ ಪೆಟಾಬೈಟ್ ಅಲ್ಲ, ಈ ರಿಪೇರಿಯ ಗಂಟೆ.

ಅದನ್ನು ಇಳಿಸುವ ದಾರಿ ಇದೆ. ಹತ್ತು ಹತ್ತರ ಗುಂಪು ಮಾಡುವ ಬದಲು ನೂರು ಡಿಸ್ಕ್‌ಗಳ ಮೇಲೆ ಡೇಟಾ, ಪ್ಯಾರಿಟಿ, ಖಾಲಿ ಜಾಗ ಮೂರನ್ನೂ ಹರಡಿಬಿಡುವುದು. ಆಗ ಒಂದು ಕೆಟ್ಟರೆ ಉಳಿದ 99ಕ್ಕೂ ತಲಾ ಒಂದಿಷ್ಟು ಓದುವ, ಒಂದಿಷ್ಟು ಬರೆಯುವ ಕೆಲಸ. ಲೆಕ್ಕ ಹಾಕಿದರೆ 20 ಗಂಟೆಯದು ಸುಮಾರು ಎರಡು ಗಂಟೆಗೆ ಇಳಿಯುತ್ತದೆ. ಪುಕ್ಕಟೆ ಏನೂ ಅಲ್ಲ: ಈಗ ನೂರರಲ್ಲಿ ಯಾವ ಮೂರು ಒಟ್ಟಿಗೆ ಹೋದರೂ ಎಲ್ಲೋ ಒಂದಷ್ಟು ಡೇಟಾ ಹೋಗುತ್ತದೆ. ಆ ಅಪಾಯದ ಹೊತ್ತು ಚಿಕ್ಕದು ಎನ್ನುವುದೇ ಲಾಭ.

ಈ ಲೆಕ್ಕವೆಲ್ಲ ಡಿಸ್ಕ್‌ಗಳು ಒಂದಕ್ಕೊಂದು ಸಂಬಂಧವಿಲ್ಲದೆ ಕೆಡುತ್ತವೆ ಎಂದು ನಂಬಿದೆ. ಅವು ಹಾಗೆ ಕೆಡಲೇಬೇಕು ಅಂತೇನಿಲ್ಲ. 2019ರಲ್ಲಿ ಒಂದು ದೊಡ್ಡ ಕಂಪನಿ ತನ್ನ ಕೆಲವು ಎಸ್‌ಎಸ್‌ಡಿಗಳ (ತಟ್ಟೆಯ ಬದಲು ಚಿಪ್‌ನಲ್ಲಿ ಡೇಟಾ ಇಡುವ ಡಿಸ್ಕ್‌ಗಳು) ಬಗ್ಗೆ ಎಚ್ಚರಿಕೆ ಕೊಟ್ಟಿತು: ಒಳಗಿನ ಸಾಫ್ಟ್‌ವೇರ್ ಆದ ಫರ್ಮ್‌ವೇರ್ ಬದಲಿಸದಿದ್ದರೆ 32,768 ಗಂಟೆ ಓಡಿದ ಮೇಲೆ ಅವು ಸತ್ತುಹೋಗುತ್ತವೆ, ಡೇಟಾ ಸಮೇತ. ಒಂದೇ ದಿನ ಸ್ವಿಚ್ ಹಾಕಿದವು ಒಂದೇ ದಿನ ಹೋಗುತ್ತವೆ. ಪ್ಯಾರಿಟಿ ಎರಡಿರಲಿ, ಮೂರಿರಲಿ, ಪ್ರಯೋಜನವಿಲ್ಲ.

ಇನ್ನು ವೇಗ. ಸೂಪರ್‌ಕಂಪ್ಯೂಟರ್ ಬರೆಯುವುದರಲ್ಲಿ ದೊಡ್ಡ ಪಾಲನ್ನು ಯಾರೂ ಓದುವುದೇ ಇಲ್ಲ! ದಿನಗಟ್ಟಲೆ ನಡೆಯುವ ಲೆಕ್ಕದ ಮಧ್ಯೆ ಯಾವುದೋ ಒಂದು ನೋಡ್ (ಸೂಪರ್‌ಕಂಪ್ಯೂಟರಿನೊಳಗಿನ ಒಂದು ಕಂಪ್ಯೂಟರ್) ಕೆಟ್ಟರೆ ಮೊದಲಿನಿಂದ ಶುರು ಮಾಡುವ ಹಾಗಾಗಬಾರದು. ಅದಕ್ಕೇ ಆಗಾಗ ಮೆಮೊರಿಯಲ್ಲಿ ಇರುವುದನ್ನು ಡಿಸ್ಕಿಗೆ ಇಳಿಸುತ್ತಾರೆ. ಇದು ಚೆಕ್‌ಪಾಯಿಂಟ್. ಎಷ್ಟು ಹೊತ್ತಿಗೊಮ್ಮೆ? 1974ರಲ್ಲಿ ಜಾನ್ ಯಂಗ್ ಒಂದು ಸೂತ್ರ ಕೊಟ್ಟರು: ಬರೆಯಲು ಬೇಕಾದ ಸಮಯವನ್ನು ಸರಾಸರಿ ಎಷ್ಟು ಹೊತ್ತಿಗೊಮ್ಮೆ ಯಂತ್ರ ಕೆಡುತ್ತದೋ ಅದರಿಂದ ಗುಣಿಸಿ, ಎರಡರಷ್ಟು ಮಾಡಿ, ವರ್ಗಮೂಲ ತೆಗೆಯಿರಿ. ಬರೆಯಲು 4 ನಿಮಿಷ, ಕೆಡುವುದು 8 ಗಂಟೆಗೊಮ್ಮೆ ಅಂದರೆ ಉತ್ತರ 62 ನಿಮಿಷ. ಸ್ಟೋರೇಜ್ ನಿಧಾನವಾದಷ್ಟೂ ಯಂತ್ರ ಸುಮ್ನೆ ಕಾಯುತ್ತದೆ. ಅದಕ್ಕೇ ಓರಿಯನ್‌ನಲ್ಲಿ ಹಾರ್ಡ್ ಡಿಸ್ಕ್‌ಗಳ ಜೊತೆ ಸಾವಿರಾರು ವೇಗದ ಎಸ್‌ಎಸ್‌ಡಿಗಳೂ ಇವೆ.

ಚಿಕ್ಕ ಫೈಲುಗಳದ್ದು ಬೇರೆಯೇ ತಲೆನೋವು. ಓರಿಯನ್‌ನಲ್ಲಿ ಫೈಲುಗಳನ್ನು ನೋಡಿಕೊಳ್ಳುವ ಸಾಫ್ಟ್‌ವೇರ್ ಲಸ್ಟರ್. ಅದರಲ್ಲಿ ಸಾಮಾನ್ಯವಾಗಿ ಫೈಲುಗಳ ಹೆಸರು ಕೆಲವು ಸರ್ವರುಗಳಲ್ಲಿ, ಒಳಗಿನ ಡೇಟಾ ಬೇರೆ ಸರ್ವರುಗಳಲ್ಲಿ. ಲಕ್ಷ ಫೈಲುಗಳ ಫೋಲ್ಡರಿನಲ್ಲಿ ಗಾತ್ರ ಸಮೇತ ಪಟ್ಟಿ ಕೇಳಿ ನೋಡಿ. ಸಾಮಾನ್ಯವಾಗಿ ಒಂದೊಂದರ ಗಾತ್ರಕ್ಕೂ ಡೇಟಾ ಇಟ್ಟುಕೊಂಡ ಸರ್ವರನ್ನೇ ಕೇಳಬೇಕು. ಟೀ ಕುಡಿದು ಬರಬಹುದು.

ಡಿಸ್ಕ್ ಒಂದೂ ಕೆಡದೆ ಡೇಟಾ ಹೋಗುವುದೂ ಉಂಟು. 2021ರ ಡಿಸೆಂಬರಿನಲ್ಲಿ ಜಪಾನಿನ ಕ್ಯೋಟೋ ವಿಶ್ವವಿದ್ಯಾಲಯದ ಸೂಪರ್‌ಕಂಪ್ಯೂಟರ್ ಸ್ಟೋರೇಜಿನಿಂದ ಸುಮಾರು 77 ಟೆರಾಬೈಟ್, 3.4 ಕೋಟಿ ಫೈಲುಗಳು ಅಳಿಸಿಹೋದವು. ಬ್ಯಾಕಪ್ ಮಾಡುವ ಸ್ಕ್ರಿಪ್ಟಿನಲ್ಲಿ (ಕಂಪ್ಯೂಟರಿಗೆ ಕೊಡುವ ಆದೇಶಗಳ ಪಟ್ಟಿ) ಹಳೆಯ ಲಾಗ್ ಫೈಲುಗಳನ್ನು ಅಳಿಸುವ ಸಾಲೊಂದಿತ್ತು. ಸ್ಕ್ರಿಪ್ಟ್ ಓಡುತ್ತಿರುವಾಗಲೇ ಅದರ ಮೇಲೆ ಹೊಸ ಆವೃತ್ತಿಯನ್ನು ಬರೆದರು. ಸ್ಕ್ರಿಪ್ಟನ್ನು ಓಡಿಸುವ ಶೆಲ್ ಎಂಬ ಪ್ರೋಗ್ರಾಂ ಹೊಸದನ್ನು ಮಧ್ಯದಿಂದ ಓದಲು ಶುರುಮಾಡಿತು. ಯಾವ ಫೋಲ್ಡರ್ ಎಂದು ಹೇಳುವ ವೇರಿಯಬಲ್ ಖಾಲಿ. ಲಾಗ್ ಬದಲು ಸಂಶೋಧಕರ ಫೈಲುಗಳೇ ಹೋದವು. ಪ್ಯಾರಿಟಿ ಇದನ್ನು ತಡೆಯುವುದಿಲ್ಲ; ಅಳಿಸು ಎಂದರೆ ಅದೂ ನಿಷ್ಠೆಯಿಂದ ಅಳಿಸುತ್ತದೆ. ಇದಕ್ಕೆ ಬೇಕಾದ್ದು ಬೇರೆ ಕಡೆ ಇರುವ ಪ್ರತಿ, ಆಗದಿದ್ದರೆ ಟೇಪ್. ಆದರೆ ನೂರಾರು ಪೆಟಾಬೈಟನ್ನು ಪೂರ್ತಿ ಪ್ರತಿ ಮಾಡಿಡುವಷ್ಟು ದುಡ್ಡು ಎಲ್ಲರ ಹತ್ತಿರವೂ ಇರುವುದಿಲ್ಲ. ಯಾವ ಫೋಲ್ಡರಿಗೆ ಬ್ಯಾಕಪ್ ಇದೆ, ಯಾವುದಕ್ಕೆ ಇಲ್ಲ ಎಂದು ಬಳಕೆದಾರರಿಗೆ ಮೊದಲ ದಿನವೇ ಬರೆದು ಕೊಡುವ ಕೇಂದ್ರಗಳಿವೆ. ಬಳಕೆದಾರರು ಅದನ್ನು ಓದುತ್ತಾರೆಯೇ ಎನ್ನುವುದು ಬೇರೆ ಮಾತು.